ಹೆಬ್ಬಟ್ಟಿನ ಬಿಸ್ಕೀಟು

ಇನ್ನೂ ವಾಸನೆ ಬಂದಿಲ್ಲ, ಬೋಗಾಣಿಯ ತಳದಲ್ಲಿ ಉಸುಕು ಮಾತ್ರ ಸಣ್ಣಗೆ ಚಿಟಚಿಟ ಅನ್ನುತ್ತಿದೆ, ಹೊಳೆಯ ಉಸುಕು, ಅಪ್ಪ ಬಲೆ ಒಣಹಾಕುವ ದಂಡೆಯಿಂದ ಅವಳೇ ಚೀಲದಲ್ಲಿ ತುಂಬಿಕೊಂಡು ಸುರಪುರದವರೆಗೂ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು, ಏನವಾ ಕೂಸೇನು, ಟಿಕೀಟ ಕೊಡ್ಲೇನು ಅಂತ ಕಂಡಕ್ಟರ್ ನಕ್ಕಿದ್ದ, ಅವಳು ತಲೆ ಎತ್ತಿರಲಿಲ್ಲ — ಸುಮಲತಾ ಮುಚ್ಚಳದ ಮೇಲಿನ ಕೆಂಡಗಳನ್ನು ಇಕ್ಕಳದಿಂದ ಅಂಚಿಗೆ ಸರಿಸಿದಳು, ನಡುವೆ ಹೆಚ್ಚಾದರೆ ಬಿಸ್ಕೀಟಿನ ನೆತ್ತಿ ಸುಡುತ್ತದೆ, ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಮೂರು ವರ್ಷ ಈ ಮನೆಯ ಪಾತ್ರೆ ತಿಕ್ಕುತ್ತ, ಬೂದಿಗೈ ನಿಲ್ಲಿಸಿ ನಿಲ್ಲಿಸಿ ನೋಡಿದ್ದು. ಮನೆಯೊಡತಿ ಊರಿಗೆಲ್ಲ ಅಖ್ತರಬೇಗಂ, ಅವಳಿಗೆ ಖಾಲಮ್ಮ, ಚಿಕ್ಕಮ್ಮ ಅಂದ ಹಾಗೆ. ಆ ಕೈಗಳು. ತಕ್ಕಡಿ ಇಲ್ಲ, ಬಟ್ಟಲಿಲ್ಲ, ಮುಷ್ಟಿಯೇ ಅಳತೆ, ಹಿಟ್ಟಿಗೆ ಇಷ್ಟು, ಸಕ್ಕರೆಗೆ ಇಷ್ಟು, ಬೀದಿಯಲ್ಲಿ ಯಾರೊಂದಿಗೋ ಜಗಳಾಡುತ್ತಲೇ ಮುಷ್ಟಿ ತುಂಬುತ್ತಿದ್ದಳು, ಒಮ್ಮೆಯೂ ತಪ್ಪಿದ್ದಿಲ್ಲ, ಕೊನೆಗೆ ಉಂಡೆ ಮಾಡಿ ತಟ್ಟೆಯಲ್ಲಿಟ್ಟು ಒಂದೊಂದರ ನಡುವೆ ಹೆಬ್ಬಟ್ಟು ಊರುತ್ತಿದ್ದಳು, ಅಗಲ ಹೆಬ್ಬಟ್ಟು, ಗುಳಿ ಬೀಳುತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಸೂಗಪ್ಪನ ಚಾದಂಗಡಿಗೆ ಬಂದವರು ಬರಣಿ ತೋರಿಸಿ ಹೆಬ್ಬಟ್ಟಿನ ಬಿಸ್ಕೀಟ ಕೊಡ್ರಿ ಅನ್ನುತ್ತಿದ್ದರು. ಸುಮಲತಾಳ ಅವ್ವ ಹಣಮಂತಮ್ಮನೂ ಕಚೇರಿಯಲ್ಲಿ ಹೆಬ್ಬಟ್ಟು ಒತ್ತುತ್ತಾಳೆ, ಒತ್ತಿದ ಮೇಲೆ ಆ ಮಸಿಯನ್ನು ಸೀರೆಯ ಒಳಮಗ್ಗುಲಿಗೆ ಒರೆಸಿ ಬಚ್ಚಿಡುತ್ತಾಳೆ, ಅದೇ ಬೆರಳು, ಖಾಲಮ್ಮನದಾದರೆ ಊರೇ ಕೇಳಿ ತಿನ್ನುತ್ತದೆ.

ಆ ಬಲಗೈ ಈಗ ಮೊಣಕೈವರೆಗೆ ಬಿಳಿ ಪ್ಲಾಸ್ಟರಿನಲ್ಲಿದೆ, ಹೊರಗೆ ಹೊರಸಿನ ಮೇಲೆ ದಿಂಬಿಗೆ ಒರಗಿಸಿಟ್ಟಿದೆ, ಪಂಚಮಿಯ ಮರುದಿನ ಬಚ್ಚಲ ಪಾಚಿಯ ಮೇಲೆ ಜಾರಿದ್ದು, ನಾಲ್ಕು ದಿನವಾಯಿತು. ಬೆಳಿಗ್ಗೆ ಸೂಗಪ್ಪ ಖಾಲಿ ಬರಣಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ, ಬೇಗಮ್ಮಾರ, ಇವತ್ತ ಸಂಜಿತನಕ ನೋಡ್ತೇನ್ರಿ, ಆಮ್ಯಾಲ ಪಾಕೀಟಿನ ಬಿಸ್ಕೀಟ ತುಂಬತೇನಿ, ಖಾಲಿ ಬರಣಿ ನೋಡಿ ಗಿರಾಕಿ ನಗತಾವ. ತುಂಬಿಕೋ ಸೂಗಪ್ಪ, ನನ್ನ ಕೈನೂ ಪಾಕೀಟಿನಾಗ ಕುಂತೈತಿ. ಅವನು ನಕ್ಕ, ಖಾಲಮ್ಮ ನಗಲಿಲ್ಲ, ಬರಣಿಯನ್ನೇ ನೋಡಿದಳು, ಗಾಜಿನ ತಳದಲ್ಲಿ ಒಂದಿಷ್ಟು ಪುಡಿ ಉಳಿದಿತ್ತು, ಸಾಕು ಬಿಡು, ಇಪ್ಪತ್ತು ವರ್ಸ ಆತು, ಇನ್ನ ಮಾಡಂಗಿಲ್ಲ — ಆ ಮಾತು ಮಾಡಿನಿಂದ ಹನಿ ಬಿದ್ದ ಹಾಗೆ ಬಿತ್ತು. ಸುಮಲತಾಳ ನಾಲಗೆಯ ಮೇಲೆ ಒಂದು ಮಾತಿತ್ತು, ಸಾಲೆಯಲ್ಲೂ ಹೀಗೇ, ಮಾಸ್ತರು ಪ್ರಶ್ನೆ ಕೇಳಿದಾಗ ಉತ್ತರ ನಾಲಗೆಯ ಮೇಲೆ ಇರುತ್ತಿತ್ತು, ಕೈ ಏಳುತ್ತಿರಲಿಲ್ಲ, ಮುಂದಿನ ಬೆಂಚಿನವರು ಹೇಳಿ ಕೂರುತ್ತಿದ್ದರು, ಏಳನೇ ಇಯತ್ತೆ ಮುಗಿಯುವವರೆಗೂ ಅವಳ ಉತ್ತರಗಳೆಲ್ಲ ಬಾಯೊಳಗೇ ಕರಗಿದವು, ಆಮೇಲೆ ಸಾಲೆಯೇ ಬಿಟ್ಟುಹೋಯಿತು, ಈವತ್ತು ಮಾತ್ರ ಬಾಯಿ ತಾನಾಗಿ ತೆರೆದಿತ್ತು, ನಾ ಮಾಡ್ತೇನ್ರಿ. ಅಲಲಾ, ಈಕಿಗೂ ಮಾತ ಬರತಾವ ಅಂದ ಸೂಗಪ್ಪ. ಖಾಲಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಮಾಡು, ಕೆಟ್ಟರ ಬಾವಲಿಗೆ ಹಾಕೂನು, ಅದೂ ಹೆಬ್ಬಟ್ಟಿನ ರುಚಿ ನೋಡಲಿ. ಬಾವಲಿ, ಓಣಿಯ ಕುಂಟನಾಯಿ.

ಹಿಟ್ಟು ಗಂಟಿನಲ್ಲೇ ಇತ್ತು, ಬಿದ್ದ ದಿನ ಬೆಳಿಗ್ಗೆ ಖಾಲಮ್ಮನೇ ಅಳೆದು ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟದ್ದು, ಏಳು ಮುಷ್ಟಿ ಮೈದಾ, ಎರಡು ಮುಷ್ಟಿ ಕಡಲೆಹಿಟ್ಟು, ಅದಕ್ಕೆ ಸುಮಲತಾ ಮೂರು ಮುಷ್ಟಿ ಸಕ್ಕರೆಪುಡಿ ಹಾಕಿದಳು, ಮೂರು ಮುಷ್ಟಿ ಡಾಲ್ಡಾ ಹಾಕಿದಳು, ಎಣಿಸಿ ಎಣಿಸಿ, ಕಂಡ ಹಾಗೆಯೇ, ಡಬ್ಬಿಯ ತಳ ಬಳಿದು — ಕಲಸಿದರೆ ಕೂಡಲಿಲ್ಲ. ಉಂಡೆ ಕಟ್ಟಿದರೆ ಒಡೆಯಿತು, ಮತ್ತೆ ಕಟ್ಟಿದಳು, ಬಿರುಕುಬಿಟ್ಟು ಬೆರಳ ಸಂದಿಯಿಂದ ಉದುರಿತು, ಒಣ ಮಣ್ಣಿನ ಹಾಗೆ, ಎರಡೂ ಕೈ ಹಿಟ್ಟಿನ ಪರಾತದಲ್ಲಿಟ್ಟು ಮತ್ತೆ ಎಣಿಸಿದಳು, ಏನು ತಪ್ಪಿತು, ಎಣಿಕೆ ತಪ್ಪಿಲ್ಲ, ಏಳು, ಎರಡು, ಮೂರು, ಮೂರು — ತನ್ನ ಕೈ ಕಂಡಿತು. ಹಿಟ್ಟಿನಲ್ಲಿ ಮುಚ್ಚಿದ ಸಣ್ಣ ಮುಷ್ಟಿ. ಹಿಟ್ಟು ಖಾಲಮ್ಮನ ಮುಷ್ಟಿಯದು, ಡಾಲ್ಡಾ ತನ್ನ ಮುಷ್ಟಿಯದು, ಆ ಒಂದು ಮುಷ್ಟಿಯೊಳಗೆ ತನ್ನ ಒಂದೂವರೆ ಮುಷ್ಟಿ ಹಿಡಿಯುತ್ತದೆ, ಇಷ್ಟು ದಿನ ನೋಡಿದರೂ ಇದು ತಲೆಗೆ ಹೋಗಲಿಲ್ಲವಲ್ಲ, ಕೈಯ ಕೆಲಸ ನೋಡಿದೆ, ಕೈ ನೋಡಲಿಲ್ಲ. ಡಾಲ್ಡಾ ಮುಗಿದಿದೆ. ಕೇಳಿದರೆ ಖಾಲಮ್ಮ ಬಿಡು ಅನ್ನುತ್ತಾಳೆ, ಬಿಡು ಅಂದರೆ ಬಿಟ್ಟಂತೆಯೇ, ಬರಣಿಯಲ್ಲಿ ಪಾಕೀಟು ಕೂರುತ್ತದೆ, ತಾನು ಮತ್ತೆ ಬೂದಿಗೆ. ಖಾಲಮ್ಮನಾಗಿದ್ದರೆ ಏನು ಮಾಡುತ್ತಿದ್ದಳು, ಯಾಲಕ್ಕಿ ಇಲ್ಲದ ದಿನ ಅಜವಾನ ಹಾಕಿ ಖಾರಾ ಮಾಡಿದ್ದಳು, ಸಕ್ಕರೆ ಇಲ್ಲದ ದಿನ ಬೆಲ್ಲ ಹೆರೆದಿದ್ದಳು, ಒಮ್ಮೆ ಏನೂ ಇಲ್ಲದೆ ಎಳ್ಳು ಹುರಿದು ಬೆರೆಸಿ, ಮನಿಯಾಗ ಏನೈತಿ ಅದನ್ನ ಕೇಳು, ಇಲ್ಲದ್ದನ್ನ ಯಾಕ ಕೇಳ್ತಿ ಎಂದು ತನಗೆ ತಾನೇ ಬೈದುಕೊಂಡಿದ್ದಳು — ಗೋಡೆಯ ಮಾಡದಲ್ಲಿ ಡಬ್ಬಿಗಳು, ಅರಿಷಿಣ, ಜೀರಿಗೆ, ಖಾಲಿ, ಖಾಲಿ, ಕೊನೆಯಲ್ಲಿ ಸ್ಟೀಲಿನ ಡಬ್ಬಿ, ಪಕ್ಕದ ಮನೆ ಹಂಪಮ್ಮ ಪಂಚಮಿಗೆ ಕೊಟ್ಟ ಶೇಂಗಾದ ಉಂಡಿ. ಕಲ್ಲಿನಂತೆ ಗಟ್ಟಿ, ಹಂಪಮ್ಮ, ಇದನ್ನ ತಿನ್ನಾಕ ಕೊಟ್ಟಿದ್ದಿ ಏನ್ ಹೊಡ್ಯಾಕ ಕೊಟ್ಟಿದ್ದಿ ಎಂದು ಖಾಲಮ್ಮ ಗೋಡೆಯಾಚೆಗೆ ಕೂಗಿದ್ದಳು, ಹಲ್ಲ ಕಟ್ಟಿಸ್ಕೊಂಡ ತಿನ್ನು ಮುದುಕಿ ಎಂದು ಆಚೆಯಿಂದ. ಶೇಂಗಾದಲ್ಲಿ ಎಣ್ಣೆ ಇದೆ. ಬೆಲ್ಲವೂ ಇದೆ. ಕುಟ್ಟಿದರೆ ಹೊರಸಿನವರೆಗೆ ಸದ್ದು ಕೇಳುತ್ತದೆ, ಒಂದೊಂದೇ ಉಂಡಿ ಕಲ್ಲಿನ ಮೇಲಿಟ್ಟು ಸದ್ದಿಲ್ಲದೆ ಅರೆದಳು, ಪುಡಿ ಮುದ್ದೆಯಾಯಿತು, ಮುದ್ದೆ ಮಿಂಚಿತು, ಗುಂಡಕಲ್ಲಿಗೆ ಎಣ್ಣೆ ಹತ್ತಿತು, ಹಿಟ್ಟಿಗೆ ಸೇರಿಸಿ ಮುಷ್ಟಿ ಹಿಡಿದು ಬಿಟ್ಟಳು — ನಿಂತಿತು. ಬೆರಳುಗಳ ಗುರುತು ಹೊತ್ತು ಅಂಗೈಯಲ್ಲಿ ನಿಂತಿತು. ಆಮೇಲೆ ಉಂಡೆಗಳ ಸಾಲು, ನಡುವೆ ಹೆಬ್ಬಟ್ಟು ಊರಿದಳು, ಗುಳಿ ಎಷ್ಟು ಸಣ್ಣದು, ಹುಣಸೆಬೀಜದಷ್ಟು, ಅಗಲವಾಗಲೆಂದು ಬೆರಳು ಹೊರಳಿಸಿ ನೋಡಿದಳು, ಓರೆಯಾಯಿತು, ಅದನ್ನು ಮತ್ತೆ ಉಂಡೆ ಮಾಡಿ ತನ್ನ ಹೆಬ್ಬಟ್ಟನ್ನೇ ನೆಟ್ಟಗೆ ಊರಿದಳು.

ಈಗ ಬಂತು, ವಾಸನೆ, ಮೊದಲು ಶೇಂಗಾ, ಹಿಂದೆಯೇ ಬೆಲ್ಲ ಕಾದದ್ದು, ಹೊರಗೆ ಹೊರಸು ಕಿರ್ರೆಂದಿತು, ಚಪ್ಪಲಿಯಿಲ್ಲದ ಪಾದ, ಬಾಗಿಲಲ್ಲಿ ಬಿಳಿ ಪ್ಲಾಸ್ಟರು. ತೆಗಿ ಅಂದಳು ಖಾಲಮ್ಮ. ಸುಮಲತಾ ಕೆಂಡ ಸರಿಸಿ ಮುಚ್ಚಳ ಎತ್ತಿದಳು, ಹಬೆ ಹೋಯಿತು, ಉಸುಕಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಹೊಳೆದಂಡೆಯ ಬಣ್ಣದ ಬಿಸ್ಕೀಟುಗಳು, ಒಂದೂ ಒಡೆದಿಲ್ಲ. ಖಾಲಮ್ಮ ಎಡಗೈಯಿಂದ ಒಂದನ್ನು ಮುರಿದು ಊದಿ ಬಾಯಿಗಿಟ್ಟಳು, ದವಡೆ ನಿಧಾನ ಆಡಿತು, ಹಂಪಮ್ಮನ ಉಂಡಿ, ಅಲಾ? ಹೌದ್ರಿ. ಯಾರನ್ನ ಕೇಳಿ ಹಾಕಿದಿ? ಉತ್ತರ ನಾಲಗೆಯ ಮೇಲಿತ್ತು, ಹೊರಗೆ ಬಂತು, ಡಾಲ್ಡಾ ಸಾಲಲಿಲ್ಲರಿ, ನನ್ನ ಮುಷ್ಟಿ ಸಣ್ಣದೈತ್ರಿ. ಖಾಲಮ್ಮ ಅವಳ ಕೈ ನೋಡಿದಳು, ಮತ್ತೊಂದು ತುಂಡು ಬಾಯಿಗಿಟ್ಟಳು, ಸೂಗಪ್ಪಗ ಬರಣಿ ತೊಳದ ತಾ ಅನ್ನು, ಅಂದಳು, ಬಾಗಿದಳು, ಬಿಸಿ ಇರುವಾಗ ಬಿಸ್ಕೀಟು ಮೆತ್ತಗೆ, ಒತ್ತಿದರೆ ಈಗಲೂ ಗುಳಿ ಅಗಲವಾಗುತ್ತದೆ, ಊರಿಗೆ ಗೊತ್ತಿರುವ ಗುಳಿಯಾಗುತ್ತದೆ, ಎಡಗೈಯ ಹೆಬ್ಬಟ್ಟು ಕೆಳಗಿಳಿಯಿತು, ಅಗಲ ಹೆಬ್ಬಟ್ಟು, ಸಣ್ಣ ಗುಳಿಯ ಮೇಲೆ ಬಂತು, ಸುಮಲತಾಳ ಗುಳಿ, ಹುಣಸೆಬೀಜದಷ್ಟು, ಅದರ ಮೇಲೆ ಆ ಹೆಬ್ಬಟ್ಟು, ನಿಂತಿತು, ಒತ್ತಲಿಲ್ಲ, ಗುಳಿಯ ಮೇಲೆ ಆ ಹೆಬ್ಬಟ್ಟು, ಒತ್ತಲಿಲ್ಲ —