ಹೊಣೆಗಾರರ ಸಹಿ

ಶಾಲೆಗೆ ಬೆಳಕು ಹಾಯಿಸಿ ಬಣ್ಣ ಅಳೆಯುವ ಸ್ಪೆಕ್ಟ್ರೋಮೀಟರ್ ಬಂದ ದಿನವೇ ಅದಕ್ಕೊಂದು ಹೊದಿಕೆ ಹೊಲಿಸಿದರು. ಮೂರು ತಿಂಗಳು ಅದು ರಸಾಯನ ಪ್ರಯೋಗಾಲಯದ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತಿತ್ತು. ಹೊದಿಕೆಯ ಧೂಳು ಒರೆಸುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟ ನಾನು ಅಲ್ಲಿ ಸೀಸೆ ತೊಳೆಯುತ್ತೇನೆ. ಹತ್ತನೇ ಕ್ಲಾಸಿನ ನನ್ನ ತಂಗಿ ಅಲ್ಲೇ ಪ್ರಯೋಗ ಮಾಡುತ್ತಾಳೆ. ಅಂಗಡಿಯ ಶರಬತ್ತಿಗೆ ಎಷ್ಟು ಬಣ್ಣ ಬೆರೆಸಿದ್ದಾರೆಂದು ಆ ಯಂತ್ರದಲ್ಲಿ ಅಳೆಯುವುದು ಅವಳ ಗುಂಪಿನ ಪಾಲಿಗೆ ಬಂದಿತ್ತು.

ತಪಾಸಣೆ ಹತ್ತಿರ ಬಂದಾಗ ಮುಸುಕು ತೆಗೆದರು. ಅಪಾಯಗಳ ಪಟ್ಟಿ ಬರೆದುಕೊಡಿ ಎಂದು ಮೇಲಿನ ಕಚೇರಿ ಕೇಳಿತ್ತು. ರಸಾಯನದ ಮೇಷ್ಟ್ರು ಬಹಳ ಯೋಚಿಸಿ ಬರೆದರು. ಅಪಾಯ ಒಂದು: ಮಕ್ಕಳು ಮುಟ್ಟಬಹುದು. ಎರಡು: ಮುಟ್ಟಿ ಕೆಡಿಸಬಹುದು. ಮೂರು: ಕೆಟ್ಟರೆ ನಮ್ಮನ್ನು ಕೇಳಬಹುದು. ಪರಿಹಾರ ಮೂರಕ್ಕೂ ಒಂದೇ: ಮಕ್ಕಳನ್ನು ದೂರ ನಿಲ್ಲಿಸುವುದು.

ಕೊನೆಯ ಸಾಲು ಮಾತ್ರ ಅಚ್ಚಾಗಿಯೇ ಬಂದಿತ್ತು. 'ಹೊಣೆಗಾರರ ಸಹಿ. ಇವರ ಅನುಮತಿಯಿಲ್ಲದೆ ಉಪಕರಣವನ್ನು ಚಾಲೂ ಮಾಡುವಂತಿಲ್ಲ.'

"ವಿಷಯ ಗೊತ್ತಿರೋರು ನೀವು, ನೀವೇ ಹಾಕಿ ಮೇಷ್ಟ್ರೇ," ಎಂದರು ಹೆಡ್‌ಮಾಸ್ಟರು.

"ಛೆ ಛೆ, ತಾವಿರುವಾಗ ನಾನಾ ಸಾರ್?"

ಕಾಗದ ಬಿಸಿ ಪಾತ್ರೆಯ ಹಾಗೆ ಇಬ್ಬರ ಕೈಯಲ್ಲೂ ನಿಲ್ಲಲಿಲ್ಲ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ನಾನು ಅವರ ಕಣ್ಣಿಗೆ ಬಿದ್ದದ್ದೇ ಇಲ್ಲ.

"ದಿನಾ ಇದರ ಹತ್ರ ಇರೋಳು ನೀನೇ ತಾನೇ? ಇಲ್ಲೊಂದು ಸಹಿ ಹಾಕಮ್ಮ. ಸುಮ್ನೆ ಲೆಕ್ಕಕ್ಕೆ."

ಹಾಕಿದೆ. ಒಂದು ಪ್ರತಿ ಮೇಲಿನ ಕಚೇರಿಗೆ ಹೋಯಿತು, ಒಂದು ಗೋಡೆಗೆ ಅಂಟಿತು.

ಮರುದಿನ ತಪಾಸಣೆಗೆ ತೋರಿಸಲು ಫೋಟೋ ತೆಗೆಯುವ ಏರ್ಪಾಡು.

"ಬೆಳಕು ಕಾಣ್ಬೇಕು ಮೇಷ್ಟ್ರೇ. ಬರೀ ಡಬ್ಬಿ ತೋರಿಸಿದ್ರೆ ಯಾರು ಮೆಚ್ತಾರೆ?"

ಯಂತ್ರದೊಳಗಿನ ದೀಪದ ಗೂಡಿನ ಮುಚ್ಚಳ ತೆಗೆದರೆ ದೀಪ ತಾನಾಗಿ ಆರುವಂತೆ ಒಳಗೊಂದು ಗುಂಡಿಯಿದೆ. ಮೇಷ್ಟ್ರು ಮುಚ್ಚಳ ಬಿಚ್ಚಿ, ಗುಂಡಿಯನ್ನು ಒತ್ತಿ ಹಿಡಿಯುವಂತೆ ಟೇಪ್ ಸುತ್ತಿದರು. "ಈಗ ತೆರೆದಿದ್ರೂ ಉರಿಯುತ್ತೆ ಸಾರ್."

"ತಲೆ ಅಂದ್ರೆ ನಿಮ್ದು! ಬಾ ಮಗು, ಬಗ್ಗಿ ಒಳಗೆ ನೋಡು. ವಿಜ್ಞಾನಿ ತರ."

ಬಂದವಳು ನನ್ನ ತಂಗಿ. ಗೂಡಿಗೂ ಅವಳ ಮುಖಕ್ಕೂ ಒಂದು ಗೇಣು. ಬಿಚ್ಚಿಟ್ಟ ಮುಚ್ಚಳದ ಮೇಲೆ ಕಣ್ಣಿನ ಚಿತ್ರ ಬರೆದು ಅಡ್ಡಗೆರೆ ಎಳೆದಿತ್ತು, ಕೆಳಗೆ ನೇರಳಾತೀತ ಕಿರಣ ಎಂದಿತ್ತು. ಅದೇ ಮಾತನ್ನು ನಾನು ಅಪ್ಪನ ವೆಲ್ಡಿಂಗ್ ಮುಖವಾಡದ ಪೆಟ್ಟಿಗೆಯ ಮೇಲೂ ಓದಿದ್ದೆ. ಒಮ್ಮೆ ಮುಖವಾಡವಿಲ್ಲದೆ ಕೆಲಸ ಮಾಡಿ ಬಂದ ಅಪ್ಪ, ಕಣ್ಣಿಗೆ ಮರಳು ಸುರಿದ ಹಾಗಿದೆ ಎಂದು ಎರಡು ದಿನ ಗೋಡೆ ಹಿಡಿದು ಓಡಾಡಿದ್ದರು.

"ಸಾರ್, ಅದು ವೆಲ್ಡಿಂಗ್ ಬೆಳಕಿನ ಜಾತಿದು. ಕಣ್ಣಿಗೆ…"

"ಓಹೋ! ನೀನು ಯಾವಾಗ ಎಂ.ಎಸ್ಸಿ. ಮುಗಿಸಿದೆಯಮ್ಮ?" ಮೇಷ್ಟ್ರ ಕೈ ಸ್ವಿಚ್ಚಿನ ಮೇಲಿತ್ತು.

ನಾನು ಗೋಡೆಯ ಕಡೆ ನೋಡಿದೆ. "ಅನುಮತಿ ಇಲ್ಲ ಸಾರ್."

"ಏನಂದೆ?"

ಅಲ್ಲಿ ಅಂಟಿದ್ದ ಕಾಗದದ ಕಡೆ ಬೆರಳು ತೋರಿಸಿದೆ. "ಸಹಿ ನಂದು. ಟೇಪ್ ಕಿತ್ತು ಮುಚ್ಚಳ ಹಾಕೋವರ್ಗೂ ಚಾಲೂ ಮಾಡೋ ಹಾಗಿಲ್ಲ."

"ಹರಿದು ಹಾಕ್ರೀ ಅದನ್ನ!" ಎಂದರು ಹೆಡ್‌ಮಾಸ್ಟರು.

"ಮೇಲಿನ ಕಚೇರಿಲಿ ಇನ್ನೊಂದಿದೆ ಸಾರ್," ಎಂದರು ಮೇಷ್ಟ್ರು.

"ಹಾಗಾದ್ರೆ ಹೊಸದು ಬರೀರಿ. ನೀವೇ ಸಹಿ ಹಾಕಿ."

ಮೇಷ್ಟ್ರ ಕೈ ಸ್ವಿಚ್ಚಿನಿಂದ ಕೆಳಗಿಳಿಯಿತು. "ನಾನಾ?" ಎಂದವರು ಗೂಡಿನೊಳಗಿನ ದೀಪವನ್ನು ಮೊದಲ ಸಲ ಸರಿಯಾಗಿ ನೋಡಿದರು. ಆಮೇಲೆ ಉಗುರಿನಿಂದ ತಾವೇ ಟೇಪ್ ಕೆರೆದು ತೆಗೆದರು.

"ಅಕ್ಕ, ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ತಂಗಿ ಪಿಸುಗುಟ್ಟಿದಳು.

ಮುಚ್ಚಳ ಹಾಕಿದ ಮೇಲೆ ಅವಳ ಗುಂಪು ಶರಬತ್ತು ಅಳೆಯಿತು. ಅದರ ಫೋಟೋ ಯಾರೂ ತೆಗೆಯಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದು ಬೇರೆ ಚಿತ್ರ. ಯಂತ್ರ ಆರಿದೆ. ತೆರೆದ ಗೂಡಿನಲ್ಲಿ ಹೆಡ್‌ಮಾಸ್ಟರ ಫೋನಿನ ಟಾರ್ಚ್ ಉರಿಯುತ್ತಿದೆ. ತಂಗಿ ಅದನ್ನೇ ವಿಜ್ಞಾನಿಯ ಹಾಗೆ ಬಗ್ಗಿ ನೋಡುತ್ತಿದ್ದಾಳೆ, ನಗು ತಡೆಯಲು ತುಟಿ ಕಚ್ಚಿಕೊಂಡು, ಎರಡೂ ಕಣ್ಣು ಅಗಲವಾಗಿ ಬಿಟ್ಟುಕೊಂಡು.