ಕಂಡವರ ಹೊಟ್ಟೆ

ನಮ್ಮಕ್ಕ ಭಾರತಮ್ಮನ ಮಾವ ಕೋದಂಡರಾಮಪ್ಪನವರನ್ನು ಯಲ್ದೂರಿನ ಆ ಬೀದಿಯಲ್ಲಿ ಎಲ್ಲರೂ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿ. ಆಮೇಲೆ ಜನ ನಿಜವಾಗಿಯೂ ಕೆಮ್ಮು, ಮಂಡಿನೋವು ಅಂತ ಬಂದು ಅವರ ಜಗಲಿಯಲ್ಲಿ ಕೂರತೊಡಗಿದರು. ಆ ಮನುಷ್ಯ ಸ್ಕೂಲು ಬಿಟ್ಟಿದ್ದು ಏಳನೇ ಕ್ಲಾಸಿಗೆ. ಮಿಕ್ಕಿದ್ದನ್ನೆಲ್ಲ ಕಲಿಸಿದ್ದು ಟೀವಿ.

ಎಂಬತ್ತಾರನೇ ಇಸವಿ. ಬೀದಿಗೆಲ್ಲ ಅವರ ಮನೆಯದೊಂದೇ ಟೀವಿ, ಕಪ್ಪು ಬಿಳುಪಿನದು. ಮಧ್ಯಾಹ್ನದ ಹೊತ್ತು ಕಾಲೇಜು ಹುಡುಗರಿಗೆಂದು ಇಂಗ್ಲಿಷಿನಲ್ಲಿ ಪಾಠ ಬರುತ್ತಿತ್ತು. ನಕ್ಷತ್ರದ ಪಾಠಕ್ಕೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ತೆರೆಯ ಮೇಲೆ ಡಾಕ್ಟರ ಕತ್ತರಿ ಕಾಣಿಸಿತು ಅಂದರೆ ಸಾಕು, ಹೇಗೋ ಸುದ್ದಿ ಹಬ್ಬಿ ನಡುಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಕುಡುಗೋಲು ತಾಗಿ ಒಂದು ಹನಿ ರಕ್ತ ಬಂದರೆ ಮುಖ ತಿರುಗಿಸುವ ಹೆಂಗಸರು ಅಲ್ಲಿ ರೆಪ್ಪೆ ಬಡಿಯದೆ ಕೂರುತ್ತಿದ್ದರು. ಯಾಕೆ ಅಂತ ನನಗೆ ಗೊತ್ತು, ಅಕ್ಕನ ಮನೆಗೆ ಹೋದಾಗೆಲ್ಲ ನಾನೂ ಕೂತು ನೋಡಿದವಳೇ. ಟೀವಿಯೊಳಗಿನ ರೋಗಿ ನರಳುವುದಿಲ್ಲ, ನಾರುವುದಿಲ್ಲ, ನನ್ನನ್ನು ಬಸ್ಸು ಹತ್ತಿಸಿ ಅನ್ನುವುದಿಲ್ಲ. ಮೈಯೆಲ್ಲ ಬಟ್ಟೆ ಮುಚ್ಚಿ ಹೊಟ್ಟೆಯೊಂದನ್ನು ಬಿಟ್ಟಿರುತ್ತಾರೆ. ಆ ಹೊಟ್ಟೆ ಯಾರದಾದರೇನು? ಮನುಷ್ಯನೊಳಗೆ ಏನೇನಿದೆ ಅಂತ ಬಿಟ್ಟಿಯಾಗಿ ನೋಡಬಹುದು. ಕೊನೆಗೆ ಹೊಲಿಗೆ ಹಾಕುವಾಗ ತಾವೇ ಒಂದು ಜೀವ ಉಳಿಸಿದ ಹಾಗೆ ಎಲ್ಲರಿಗೂ ಸಮಾಧಾನ. ಅಕ್ಕನ ಅತ್ತೆ ವೆಂಕಟರತ್ನಮ್ಮನವರಂತೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಸಲ ಅಪೆಂಡಿಕ್ಸ್ ತೋರಿಸಿದರು. ಮೊದಲು ಹೊಟ್ಟೆಯ ಚಿತ್ರ, ಅದರ ಮೇಲೊಂದು ಬಾಣದ ಗುರುತು. ಕೋದಂಡರಾಮಪ್ಪನವರು ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟರು.

“ಚೂಡಂಡಪ್ಪಾ, ನೋಡಿ ಇಲ್ಲಿ, ಎಡಗಡೆ. ಇಲ್ಲಿ ನೋವು ಬಂದ್ರೆ ಕೊಯ್ಲೇಬೇಕು. ಬೇರೆ ಕಡೆ ಬಂದ್ರೆ ಬರೀ ಗ್ಯಾಸು.”

ಜನ ತಮ್ಮ ತಮ್ಮ ಎಡಹೊಟ್ಟೆ ಮುಟ್ಟಿ ನೋಡಿಕೊಂಡರು. ಟೀವಿಗೆ ಮಾತು ಬಂದಿದ್ದೇ ಅವರಿಂದ ಅನ್ನುವ ಹಾಗೆ ತಲೆಯಾಡಿಸಿದರು.

ಅಕ್ಕನಿಗೆ ನೋವು ಬಂದಿದ್ದು ಮನೆಯಲ್ಲಿ ಸಾಕಿದ್ದ ರೇಷ್ಮೆಹುಳು ಪೊರೆ ಬಿಟ್ಟು ಕೊನೆಯ ಜ್ವರ ಎದ್ದು, ಎಷ್ಟು ಸೊಪ್ಪು ಹಾಕಿದರೂ ಸಾಲದೆ ತಿನ್ನುವ ವಾರದಲ್ಲಿ. ಕೈಗೆ ಕೈ ಸೇರಿಸೋಣ ಅಂತ ನಾನು ಮಾಸ್ತಿಯಿಂದ ಬಂದಿದ್ದೆ. ಆಸ್ಪತ್ರೆಯ ಔಷಧಿ ವಾಸನೆ ಹೊತ್ತು ಬಂದವರು ಹುಳುವಿನ ಮನೆಗೆ ಕಾಲಿಡಬಾರದು ಅನ್ನುವುದು ಅಲ್ಲಿಯ ಕಟ್ಟುನಿಟ್ಟು, ಹುಳು ಸಾಯುತ್ತದಂತೆ. ಹಾಗಾಗಿ ಅಕ್ಕ ಹಲ್ಲು ಕಚ್ಚಿಕೊಂಡೇ ಸೊಪ್ಪು ಹಾಕಿದಳು. ಆಗದೇ ಹೋದಾಗ ಮಾವನ ಮುಂದೆ ಹೋಗಿ ನಿಂತಳು.

“ಕೋಲಾರಕ್ಕೆ ಹೋಗ್ಬರ್ತೀನಿ ಮಾವ, ತಡ್ಕೊಳ್ಳಕ್ಕಾಗ್ತಿಲ್ಲ.”

“ಎಲ್ಲಮ್ಮಾ ನೋವು?”

ಅಕ್ಕ ಬಲಗಡೆ ಕಿಬ್ಬೊಟ್ಟೆ ತೋರಿಸಿದಳು. ಆತನ ಮುಖ ಅರಳಿತು. ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಅರಳಿತು.

“ಬಲಗಡೆನಾ? ಹಂಗಾದ್ರೆ ಭಯ ಇಲ್ಲ ಬಿಡು. ಅಪೆಂಡಿಕ್ಸ್ ಇರೋದು ಎಡಗಡೆ. ಊರೆಲ್ಲಾ ನೋಡಿಲ್ವಾ? ಓಮದ ನೀರು ಕುಡಿ.”

ನಾನು ಬಾವ ಕದಿರೇಶನ ಹಿಂದೆ ಬಿದ್ದೆ. “ಹೆಂಡ್ತಿ ಮುಖ ನೋಡು ಬಾವ, ಕರ್ಕೊಂಡ್ಹೋಗೋಣ.” ಅವನು ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆಯ ಧೂಳು ಕೊಡವುತ್ತಲೇ, “ಅಪ್ಪ ಹೇಳ್ತಾವ್ರಲ್ಲ” ಅಂದ. ನಾನೊಬ್ಬಳೇ ಕರೆದುಕೊಂಡು ಹೊರಟರೆ ವೆಂಕಟರತ್ನಮ್ಮನವರು ಬಾಗಿಲಿಗೆ ಅಡ್ಡ ನಿಂತು, ನಮ್ಮ ಮನೆ ಮಾನ ಕಳೀಬೇಡ ಅಂದರು.

ಮಾರನೆಯ ದಿನ ಅಕ್ಕನ ನೋವು ಇದ್ದಕ್ಕಿದ್ದಂತೆ ನಿಂತಿತು. “ಗ್ಯಾಸು ಇಳೀತು!” ಅಂತ ಕೋದಂಡರಾಮಪ್ಪನವರು ಜಗಲಿಯಲ್ಲಿ ಕೂತವರಿಗೆಲ್ಲ ಹೇಳಿದರು. ಅಕ್ಕ ಒಂದು ಲೋಟ ಗಂಜಿ ಕುಡಿದು ನನ್ನನ್ನು ನೋಡಿ ನಕ್ಕಳು. ಸಂಜೆಯೊಳಗೆ ಮೈ ಕೆಂಡವಾಯಿತು, ಹೊಟ್ಟೆ ಹಲಗೆಯಾಯಿತು. ಆಗ ಟೆಂಪೋ ಬಂತು.

ಕೋಲಾರದ ಡಾಕ್ಟರಮ್ಮ ಹೊಟ್ಟೆ ಮುಟ್ಟಿದವರೇ, ಅಪೆಂಡಿಕ್ಸ್ ಒಳಗೇ ಒಡೆದು ಹೋಗಿದೆ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಕೋದಂಡರಾಮಪ್ಪನವರು ಎಡಗಡೆಯ ಕಥೆ ಹೇಳಿದರು.

“ರೀ, ಟೀವಿಲಿ ಮನುಷ್ಯ ನಿಮ್ಮ ಎದುರಿಗಿರ್ತಾನೆ. ಅವನ ಬಲಗಡೆ ನಿಮಗೆ ಎಡಗಡೆ ಕಾಣುತ್ತೆ. ಅಷ್ಟೂ ಗೊತ್ತಾಗಲ್ವಾ?”

ಆಪರೇಷನ್ ಮಾಡಿದರು. ಅಕ್ಕ ಉಳಿಯಲಿಲ್ಲ.

ತಿಥಿಯ ಊಟ ಮುಗಿಸಿ ನೆಂಟರು ಬಸ್ಸಿಗೆ ಕಾಯುತ್ತಿದ್ದರು. ಯಾರೋ ಟೀವಿ ಹಾಕಿದರು. ಯಾವುದೋ ಹೊಟ್ಟೆ ಕೊಯ್ಯುತ್ತಿದ್ದರು. ಎಲೆ ಎತ್ತುತ್ತಿದ್ದವರೂ ಕೈ ತೊಳೆದುಕೊಂಡು ಬಂದು ಕೂತರು. ಕೋದಂಡರಾಮಪ್ಪನವರು ತಡೆಯಲಾಗದೆ ಎದ್ದು ಗಾಜಿನ ಮೇಲೆ ಬೆರಳಿಟ್ಟರು.

“ಇದು ಎಡ ಅಂತ ಕಾಣ್ತದೆ. ಆದ್ರೆ ಅಲ್ಲ, ಅವನಿಗಿದು ಬಲ. ಭಾಳ ಜನಕ್ಕೆ ಇದು ಗೊತ್ತಿರಲ್ಲ, ಮೋಸ ಹೋಗ್ತಾರೆ. ನಮ್ಮ ಸೊಸೆ ವಿಷ್ಯದಲ್ಲಿ ಆಗಿದ್ದೂ ಇದೇ.”

“ಹೌದಾ ಡಾಕ್ಟ್ರೇ?” ಅಂದರು ಜನ. ಒಬ್ಬರಿಗೂ ಬೇರೇನೂ ಕೇಳಬೇಕು ಅನ್ನಿಸಲಿಲ್ಲ.

ನಾನು ಎದ್ದು ಹೋಗಿ ಟೀವಿಯ ಮುಂದೆ ನಿಂತೆ. ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದ ಬಾವ ಕತ್ತು ಒಂದು ಕಡೆ ವಾಲಿಸಿದ.

“ಶಾಮಲಾ, ವಸಿ ಪಕ್ಕಕ್ಕೆ ಬಾಮ್ಮ,” ಅಂದ. “ಕಾಣಿಸ್ತಿಲ್ಲ.”