ಸಾಕ್ಷಿಯ ರುಜು

ಕೊಲಂಬಿನಿಂದ ರಿಜಿಸ್ಟರ್ಡ್ ಕಾಗದ ಬಂದದ್ದು 1953ರ ಜುಲೈಯಲ್ಲಿ. ಕುಂಬಳೆಯ ಹತ್ತಿರದ ಇಗರ್ಜಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುತ್ತಿದ್ದ ಪೆಟ್ರೋನಿಲ್ಲಾ, ಪೋಸ್ಟಿನ ಉಗ್ಗಪ್ಪ ಚಾಚಿದ ಪುಸ್ತಕಕ್ಕೆ ರುಜು ಹಾಕಿ, ಬಾಗಿಲಲ್ಲಿ ನಿಂತೇ ಲಕೋಟೆ ಒಡೆದಳು. ತಮ್ಮ ಸಾಲ್ವದೊರನ ಪತ್ರ. ಅದರ ಜೊತೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಸರ್ಕಾರಿ ನೋಟೀಸಿನ ನಕಲು.

ಸಾಲ್ವದೊರ ಇಪ್ಪತ್ತೆರಡು ವರ್ಷಗಳಿಂದ ಕೊಲಂಬಿನಲ್ಲಿ ದರ್ಜಿ. ಹೆಂಡತಿ ಜೂಲಿ, ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಇದ್ದರು. ಸಿಲೋನಿಗೆ ಸ್ವಾತಂತ್ರ್ಯ ಬಂದ ಮೇಲೆ, ಭಾರತದಿಂದ ಹೋಗಿ ನೆಲೆಸಿದವರು ಆ ದೇಶದ ಪ್ರಜೆಗಳಾಗಬೇಕಾದರೆ ಅರ್ಜಿ ಹಾಕಿಕೊಳ್ಳಬೇಕೆಂದು ಕಾನೂನು ಬಂತು. ಸಾಲ್ವದೊರ ಅರ್ಜಿ ಹಾಕಿ ಎರಡು ವರ್ಷ ಕಾದ. ಈಗ ನೋಟೀಸು ಬಂದಿತ್ತು. 1942ರಲ್ಲಿ ಕೊಲಂಬಿಗೆ ಬಾಂಬು ಬಿದ್ದಾಗ ನೀನು ಭಾರತಕ್ಕೆ ಹೋದೆಯಲ್ಲ, ಒಂದು ವರ್ಷದೊಳಗೆ ವಾಪಸು ಬಂದದ್ದಕ್ಕೆ ಏನು ಪುರಾವೆ? ಇಲ್ಲಿಯೇ ಕಾಯಂ ಇರುವ ಮನಸ್ಸು ನಿನಗಿದೆ ಎಂಬುದಕ್ಕೆ ಏನು ಪುರಾವೆ? ಮೂರು ತಿಂಗಳೊಳಗೆ ಕೊಡಬೇಕು, ಇಲ್ಲವಾದರೆ ಅರ್ಜಿ ವಜಾ.

ಸಂಜೆ ಜಗಲಿಯಲ್ಲಿ ಕೂತು ಅವಳು ಅದನ್ನು ದೊಡ್ಡಣ್ಣ ಕ್ಲೆಟಸನಿಗೆ ಓದಿ ಹೇಳಿದಳು. ಅಪ್ಪ ಸಾಯುವಾಗ ಮನೆ, ಗದ್ದೆ, ತೆಂಗಿನ ತೋಟ ಎಲ್ಲವನ್ನೂ ಇಬ್ಬರು ಗಂಡುಮಕ್ಕಳ ಹೆಸರಿಗೆ ಬರೆದಿಟ್ಟಿದ್ದರು. ಮದುವೆಯಾಗದ ಪೆಟ್ರೋನಿಲ್ಲಾಳಿಗೆ ಇರುವಷ್ಟು ಕಾಲ ಮನೆಯಲ್ಲಿ ಒಂದು ಕೋಣೆ. ಬೇಸಾಯ ನೋಡಿಕೊಳ್ಳುತ್ತಿದ್ದವ ಕ್ಲೆಟಸ್. ತಮ್ಮನ ಕಾಗದ ಬಂದರೆ "ಎಂತ ಬರೆದಿದ್ದಾನೆ?" ಎಂದು ಕೇಳುವ ಅಭ್ಯಾಸವೂ ಅವನಿಗೆ ಇರಲಿಲ್ಲ. ಆ ದಿನ ಮಾತ್ರ ಎರಡೆರಡು ಸಲ ಓದಿಸಿದ.

"ಇದು ನಾವು ಮಾಡಿ ಕೊಡ್ಬೇಕಾದ ಕೆಲಸ ಪೆಟ್ರೂ. ಅವ ಅಲ್ಲಿ ಕೂತು ಎಂತ ಮಾಡಿಯಾನು? ನೀನು ಬರಿ. ಎಲ್ಲಿಗೆ ಬೇಕಾದ್ರೂ ನಾನು ಓಡ್ತೇನೆ."

ಅಣ್ಣನನ್ನು ಇಷ್ಟು ದಿನ ಕಲ್ಲು ಎಂದುಕೊಂಡಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಪುರಾವೆ ಹುಡುಕುವ ಕೆಲಸ ಶುರುವಾಯಿತು. ಕುಂಬಳೆ ಸ್ಟೇಶನ್ ಮಾಸ್ತರರು ಅವಳ ಮಾತು ಪೂರ್ತಿ ಕೇಳಿ ನಕ್ಕುಬಿಟ್ಟರು. "ಹತ್ತು ವರ್ಷದ ಹಿಂದೆ ಯಾರು ಯಾವ ಗಾಡಿ ಹತ್ತಿದ್ರು ಅಂತ ಎಲ್ಲಿ ಬರೆದಿಡ್ತಾರೆ ಟೀಚರ್?" ಪಾದ್ರಿಗಳು ದೊಡ್ಡ ಪುಸ್ತಕ ತೆಗೆದು, ಸಾಲ್ವದೊರನ ಹಿರಿಮಗಳಿಗೆ 1942ರ ನವೆಂಬರಿನಲ್ಲಿ ಇದೇ ಇಗರ್ಜಿಯಲ್ಲಿ ಜ್ಞಾನಸ್ನಾನವಾದದ್ದನ್ನು ಬರೆದು ಮೊಹರು ಹಾಕಿಕೊಟ್ಟರು. ಅದರಿಂದ ಅವನು ಇಲ್ಲಿದ್ದದ್ದು ಗೊತ್ತಾಗುತ್ತಿತ್ತೇ ಹೊರತು ಹೋದದ್ದಲ್ಲ. ಸಿಲೋನಿಗೆ ಹೊರಡುವವರು ಸಿಡುಬಿನ ದಾಕು ಚುಚ್ಚಿಸಿಕೊಂಡ ಚೀಟಿ ತೋರಿಸಬೇಕಿತ್ತು; ಅದರ ದಾಖಲೆಗಾಗಿ ಕಾಸರಗೋಡಿನ ಆಸ್ಪತ್ರೆಗೆ ಎರಡು ಸಲ, ಮಂಗಲ್ಪಾಡಿಯಲ್ಲಿ ಆಗ ಊರೂರು ತಿರುಗಿ ದಾಕು ಹಾಕುತ್ತಿದ್ದ ಮುದುಕನ ಮನೆಗೆ ಒಂದು ಸಲ ಹೋದಳು. ಅವನಿಗೆ ತನ್ನ ಮೊಮ್ಮಕ್ಕಳ ಹೆಸರೇ ನೆನಪಿರಲಿಲ್ಲ. ಪ್ರತಿ ಸಲವೂ ಕ್ಲೆಟಸ್ ಕೊಡೆ ಹಿಡಿದು ಜೊತೆಗೆ ಬಂದ. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ.

ಕೊನೆಗೆ ಬೇಕಾದದ್ದು ಸಿಕ್ಕಿದ್ದು ಮನೆಯಲ್ಲೇ. ತೀರಿಹೋದ ಅಮ್ಮನ ಪ್ರಾರ್ಥನೆ ಪುಸ್ತಕದೊಳಗೆ ಒಂದು ಲಕೋಟೆ. "ಸುಖವಾಗಿ ಮುಟ್ಟಿದೆವು, ಮಗು ಸಮುದ್ರ ನೋಡಿ ಅಳಲಿಲ್ಲ" ಎಂದು ಸಾಲ್ವದೊರ ಕೊಲಂಬಿನಿಂದ ಬರೆದದ್ದು. ಯುದ್ಧಕಾಲದ ಕಾಗದವಾದ್ದರಿಂದ ಅಧಿಕಾರಿಗಳು ಒಡೆದು ಓದಿ ಮತ್ತೆ ಅಂಟಿಸಿದ ಚೀಟಿ, ಅದರ ಪಕ್ಕದಲ್ಲಿ ಅಂಚೆ ಮುದ್ರೆ: 1943 ಫೆಬ್ರುವರಿ 26. ಊರಿಗೆ ಬಂದ ಹತ್ತೇ ತಿಂಗಳಿಗೆ ವಾಪಸು. ಅವಳು ಅದನ್ನು ಹಿಡಿದು ಅಂಗಳಕ್ಕೆ ಓಡಿಬಂದಳು. ಕ್ಲೆಟಸ್ ಶಿಲುಬೆಯ ಗುರುತು ಮಾಡಿಕೊಂಡ.

ಕಾಯಂ ಇರುವ ಮನಸ್ಸಿನ ಬಗ್ಗೆ ಕೇಳಿದ ಎರಡನೆಯ ಪ್ರಶ್ನೆಗೆ ಉಪಾಯ ಹೇಳಿದವನು ಅವನೇ. ಹೇಳಿದ್ದು ಮರುವಾರ, ಊಟಕ್ಕೆ ಕೂತಾಗ.

"ಅವನ ಹೆಸರಲ್ಲಿ ಇಲ್ಲಿ ಜಾಗ ಉಂಟು ಅಂತ ಗೊತ್ತಾದ್ರೆ, ಇವ ಒಂದು ದಿನ ಊರಿಗೆ ಹೋಗುವವನೇ ಅಂತ ಅವ್ರು ಹೇಳುದಿಲ್ವಾ? ಅವ ತನ್ನ ಪಾಲು ಬಿಟ್ಟುಕೊಟ್ಟು ಒಂದು ಬಿಡುಗಡೆ ಪತ್ರ ಮಾಡಿದ್ರೆ ಆಯ್ತು. ಕಾಗದ ಕೊಲಂಬಿನವ್ರಿಗೆ, ಜಾಗ ಮೊದಲಿನ ಹಾಗೆ ನಂಗೂ ಅವನಿಗೂ. ಎಲ್ಲ ಮುಗಿದ ಮೇಲೆ ಹರಿದು ಹಾಕಿದ್ರಾಯ್ತು."

ಪೆಟ್ರೋನಿಲ್ಲಾಳಿಗೆ ಅದು ಸರಿಯೆಂದೇ ಕಂಡಿತು. ಅವಳು ನಾಲ್ಕು ಪುಟ ಬರೆದಳು. "ಅಣ್ಣ ನಿನಗಾಗಿ ಎಷ್ಟು ಓಡಾಡುತ್ತಿದ್ದಾನೆ ಎಂದು ನೋಡಿದರೆ ನಿನಗೆ ನಂಬಿಕೆಯಾಗಲಿಕ್ಕಿಲ್ಲ. ಹೆದರಬೇಡ. ನಾನು ಇದ್ದೇನೆ" ಎಂದು ಮುಗಿಸಿದಳು.

ಸಾಲ್ವದೊರ ಹತ್ತು ದಿನದ ಮಟ್ಟಿಗೆ ಬಂದ. ತಲೆಗೂದಲು ಬಿಳಿಯಾಗಿತ್ತು. ಮೂವರೂ ಬಸ್ಸಿನಲ್ಲಿ ಕಾಸರಗೋಡಿಗೆ ಹೋಗಿ, ದಸ್ತಾವೇಜು ಬರೆಯುವ ಹರಿನಾಥರ ಕೈಯಲ್ಲಿ ಪತ್ರ ಬರೆಸಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿದರು. ಪೆನ್ನು ಹಿಡಿದ ಸಾಲ್ವದೊರ ಒಮ್ಮೆ ಅಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಸಾಕ್ಷಿಯ ಜಾಗದಲ್ಲಿ ಅವಳೇ ರುಜು ಹಾಕಿದಳು.

ಒಂದೂವರೆ ವರ್ಷದ ಮೇಲೆ ಕೊಲಂಬಿನಲ್ಲಿ ತೀರ್ಪಾಯಿತು. ಅರ್ಜಿ ವಜಾ. ಸಾಲ್ವದೊರ ಕಳಿಸಿದ ನಕಲನ್ನು ಅವಳು ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಓದಿದಳು. 1942ರ ವಿಷಯದಲ್ಲಿ ಅರ್ಜಿದಾರನು ಕೊಟ್ಟ ಲಕೋಟೆಯನ್ನು ಒಪ್ಪಿದೆ. ಆದರೆ ಅರ್ಜಿದಾರನು ಇಷ್ಟು ವರ್ಷ ಭಾರತದಲ್ಲಿ ಭೂಮಿ ಇಟ್ಟುಕೊಂಡಿದ್ದು, ನೋಟೀಸು ತಲುಪಿದ ನಂತರವೇ ಅದನ್ನು ಅಣ್ಣನಿಗೆ ಬಿಟ್ಟುಕೊಟ್ಟಿರುತ್ತಾನೆ. ಇದು ತೋರಿಕೆಗೆ ಮಾಡಿದ್ದು. ಇಲ್ಲಿ ಕಾಯಂ ನೆಲೆಸುವ ಉದ್ದೇಶವಿತ್ತೆಂಬುದು ತೃಪ್ತಿಕರವಾಗಿ ಸಾಬೀತಾಗಿಲ್ಲ.

ಬಿಡುಗಡೆ ಪತ್ರ ಇಲ್ಲದಿದ್ದರೆ ಜಾಗದ ಸುದ್ದಿಯೇ ಅವರಿಗೆ ಗೊತ್ತಾಗುತ್ತಿರಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಆದರೂ ಜಾಗ ಉಂಟಲ್ಲ, ಬರಲಿ, ಊರಿಗೆ ಬರಲಿ ಎಂದುಕೊಂಡಳು.

ಅವರು ಬಂದರು. ಇಬ್ಬರು ಮಕ್ಕಳು, ಎರಡು ಟ್ರಂಕು, ಗೋಣಿಯಲ್ಲಿ ಸುತ್ತಿದ ಹೊಲಿಗೆ ಮೆಶಿನು. ಮೊದಲ ವಾರ ಕ್ಲೆಟಸ್ ಹಂದಿ ಮಾಂಸ ತರಿಸಿದ, ಮಕ್ಕಳಿಗೆ ಎಳನೀರು ಇಳಿಸಿಕೊಟ್ಟ. ಎರಡನೆಯ ವಾರ ಊಟದ ನಡುವೆ ಕೇಳಿದ, "ಮನೆ ಎಲ್ಲಿಯಾದ್ರೂ ನೋಡಿದ್ಯಾ ಸಾಲ್ವದೊರ? ಕಾಸರಗೋಡಲ್ಲಿ ದರ್ಜಿ ಕೆಲಸಕ್ಕೆ ಒಳ್ಳೆ ಗಿರಾಕಿ ಉಂಟಂತೆ."

"ಅಣ್ಣಾ, ಆ ಪತ್ರ ಹರಿಯುವ ಮಾತು..." ಎಂದ ಸಾಲ್ವದೊರ.

"ರಿಜಿಸ್ಟ್ರಿ ಆದದ್ದನ್ನು ಹರಿದ್ರೆ ಹೋಗ್ತದಾ ಮಾರಾಯ?"

ಮರುದಿನ ಪೆಟ್ರೋನಿಲ್ಲಾ ರಜೆ ಹಾಕಿ ಒಬ್ಬಳೇ ಕಾಸರಗೋಡಿಗೆ ಹೋದಳು. ಪತ್ರವನ್ನು ತಿರುಗಿಸಿ ಬರೆಯಲಿಕ್ಕೆ ದಾರಿ ಉಂಟೇ ಎಂದು ಹರಿನಾಥರನ್ನು ಕೇಳಬೇಕಿತ್ತು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ನಿಮಗೆ ಗೊತ್ತುಂಟು ಅಂತ ನಾನು ತಿಳ್ಕೊಂಡಿದ್ದೆ ಟೀಚರ್. ನೋಟೀಸು ಬರುವ ಒಂದು ವರ್ಷ ಮೊದಲೇ ನಿಮ್ಮ ಅಣ್ಣ ಇಲ್ಲಿಗೆ ಬಂದಿದ್ರು. ಪರದೇಶದಲ್ಲಿರುವ ತಮ್ಮನ ಕೈಯಿಂದ ಪಾಲು ಬಿಡಿಸಿಕೊಳ್ಳುದು ಹೇಗೆ ಅಂತ ಕೇಳಿದ್ರು. ಕಾರಣ ಇಲ್ಲದೆ ಯಾರು ರುಜು ಹಾಕ್ತಾರೆ ಅಂತ ನಾನು ಹೇಳಿ ಕಳಿಸಿದೆ. ಮತ್ತೊಂದು ದಿನ ಬಂದ್ರು. ಕಾರಣ ಸಿಕ್ಕಿತು ಅಂತ ಹೇಳಿದ್ರು."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು. ಅವಳು ಅದರಲ್ಲಿ ಕೂರಲಿಲ್ಲ.

ಕ್ಲೆಟಸ್ ತೋಟದಲ್ಲಿ ಗೊಬ್ಬರ ಹಾಕಿಸುತ್ತಿದ್ದ. ಹೆಂಗಸರ ಗಲಾಟೆಗೆ ಹೆದರುವವನಲ್ಲ. ಅವಳು ಗಲಾಟೆ ಮಾಡಲೂ ಇಲ್ಲ.

"ಹರಿನಾಥರು ಎಲ್ಲ ಹೇಳಿದ್ರು" ಎಂದಳು.

ಅವನು ಆಳಿಗೆ ಮುಂದಿನ ಮರ ತೋರಿಸಿ ಕಳಿಸಿದ. "ಇಪ್ಪತ್ತು ವರ್ಷ ಈ ಮಣ್ಣಲ್ಲಿ ಸತ್ತವ ನಾನು. ಅಮ್ಮ ಎರಡು ವರ್ಷ ಹಾಸಿಗೆಯಲ್ಲಿದ್ದಾಗ ಎತ್ತಿ ಕೂರಿಸಿದ್ದು ನಾನು, ನನ್ನ ಹೆಂಡತಿ. ಅವ ಕೊಲಂಬಿನಲ್ಲಿ ಪ್ಯಾಂಟು ಹೊಲಿತಿದ್ದ. ಪಾಲು ಮಾತ್ರ ಸಮ ಬೇಕಾ? ಅವ ಅಲ್ಲೇ ಇರ್ಲಿ ಅಂತ ನಾನೂ ಹರಕೆ ಹೇಳಿದ್ದೇನೆ. ಬರ್ಲಿಕ್ಕೆ ಹೇಳಿದ್ದು ಯಾರು?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಮ್ಮನನ್ನು ಎತ್ತಿ ಕೂರಿಸಿದ್ದನ್ನು ಅವಳೇ ನೋಡಿದ್ದಳು. ಬಾಗಿಲು ಬಾಗಿಲು ಸುತ್ತಿದ್ದೂ ನಿಜವೇ. ತಮ್ಮನಿಗೆ ಸಿಲೋನು ಸಿಗಲಿ ಎಂದು ಅವನಷ್ಟು ಮನಸ್ಸಿಟ್ಟು ಬೇಡಿಕೊಂಡವರು ಮತ್ತೊಬ್ಬರಿರಲಿಲ್ಲ. ತಮ್ಮ ಈ ಅಂಗಳಕ್ಕೆ ಎಂದೂ ಕಾಲಿಡದಿರಲಿ ಎಂದೇ ಅವನು ಆ ಕೊಡೆ ಹಿಡಿದದ್ದು.

"ಹಾಗಾದ್ರೆ ಅದನ್ನು ನೀನೇ ಅವನಿಗೆ ಹೇಳಬಹುದಿತ್ತಲ್ಲ. ನನ್ನ ಕೈಯಲ್ಲಿ ಯಾಕೆ ಬರೆಸಿದ್ದು?"

ಕ್ಲೆಟಸ್ ಅವಳನ್ನು ಆಶ್ಚರ್ಯದಿಂದ ನೋಡಿದ. "ನಾನು ಬರೆದಿದ್ರೆ ಅವ ನಂಬ್ತಿದ್ನಾ?"

ಆ ವಾರವೇ ಸಾಲ್ವದೊರ ಕಾಸರಗೋಡಿನಲ್ಲಿ ಒಂದು ಕೋಣೆ ಹಿಡಿದು ಹೊರಟ. ಪೆಟ್ರೋನಿಲ್ಲಾ ಹರಿನಾಥರಿಂದ ಕೇಳಿದ್ದನ್ನೆಲ್ಲ ಹೇಳಲು ಹೋದಳು. ಅವನು ಟ್ರಂಕಿಗೆ ಹಗ್ಗ ಬಿಗಿಯುತ್ತ ಕೇಳಿಸಿಕೊಂಡ. "ಪತ್ರದಲ್ಲಿ ನನ್ನದು ಬಿಟ್ಟು ಎರಡು ಹೆಸರು ಉಂಟು. ಅಣ್ಣಂದು, ನಿಮ್ಮದು" ಎಂದ. ಹುಟ್ಟಿದಂದಿನಿಂದ ನೀನು ಎನ್ನುತ್ತಿದ್ದವನು.

ಅವಳೂ ಆ ಮನೆಯಲ್ಲಿ ಉಳಿಯಲಿಲ್ಲ. ಪಾದ್ರಿಗಳನ್ನು ಕೇಳಿ, ಶಾಲೆಯ ಹಿಂದೆ ಬೆಂಚುಗಳನ್ನು ಇಡುತ್ತಿದ್ದ ಕೋಣೆಯನ್ನು ತೊಳೆದು ಮಂಚ ಹಾಕಿಕೊಂಡಳು. ಅಪ್ಪ ಬರೆದಿಟ್ಟ ಕೋಣೆಯ ಬೀಗದ ಕೈಯನ್ನು ಕ್ಲೆಟಸನ ಹೆಂಡತಿಯ ಕೈಗೆ ಕೊಟ್ಟು ಬಂದಳು. ಆಕೆ ಅತ್ತಳು, ಆದರೂ ಕೈ ಚಾಚಿ ತೆಗೆದುಕೊಂಡಳು.

ಆಮೇಲೆ ಅವಳು ಕಾಸರಗೋಡಿನ ಒಬ್ಬ ವಕೀಲರ ಹತ್ತಿರ ಹೋದಳು. ಬಾಯಿಮಾತಿನ ಭರವಸೆ ಇತ್ತು ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳುತ್ತೇನೆ ಎಂದಳು. ವಕೀಲರು ಒಳ್ಳೆಯವರು, ಸಮಾಧಾನದಿಂದ ವಿವರಿಸಿದರು: ರಿಜಿಸ್ಟ್ರಿಯಾದ ಬರಹದ ಎದುರು ಬಾಯಿಮಾತು ನಿಲ್ಲುವುದು ಕಷ್ಟ. ಮೇಲಾಗಿ ಅದು ತೋರಿಕೆಯ ಪತ್ರ ಎಂದು ಹೇಳಿದರೆ, ಒಂದು ಸರ್ಕಾರಕ್ಕೆ ಮೋಸ ಮಾಡಲಿಕ್ಕೆ ರುಜು ಹಾಕಿದ್ದೇವೆಂದು ಅಣ್ಣ ತಂಗಿ ತಮ್ಮ ಮೂವರೂ ಒಪ್ಪಿಕೊಂಡಂತೆ. "ಹೇಳಬೇಡಿ ಅಂತ ನಾನು ಹೇಳುದಿಲ್ಲ ಟೀಚರ್. ಪ್ರಯೋಜನ ಇಲ್ಲ ಅಂತ ಮಾತ್ರ ಹೇಳ್ತೇನೆ."

ಆದರೂ ಅವಳು ನಡೆದದ್ದೆಲ್ಲವನ್ನೂ ಬರೆದಳು. ಬಸ್ಸಿನ ದಿನಗಳು, ಊಟದ ಹೊತ್ತಿನ ಮಾತು, ತಾನು ತಲೆಯಾಡಿಸಿದ್ದು, ಹರಿನಾಥರು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಕೆಳಗೆ ಪೂರ್ತಿ ಹೆಸರು ಹಾಕಿ, ಒಂದು ಭಾನುವಾರ ಪೂಜೆ ಮುಗಿಸಿ ಸಾಲ್ವದೊರನ ಅಂಗಡಿಗೆ ತೆಗೆದುಕೊಂಡು ಹೋದಳು. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವನು ಯಾರದೋ ಮದುವೆಯ ಕೋಟಿಗೆ ಕಾಜ ಹಾಕುತ್ತಿದ್ದ. ಜೂಲಿ ಸ್ಟೂಲು ಎಳೆದು ಹಾಕಿ, ಚಾ ಮಾಡಲು ಒಳಗೆ ಹೋದಳು.

ಅವನು ಕಾಗದ ತೆಗೆದುಕೊಂಡ. ಬಿಡಿಸಲಿಲ್ಲ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೆಳಗೆ ಇಟ್ಟ.

"ಓದುದಿಲ್ವಾ?" ಎಂದಳು.

"ನಿಮ್ಮ ಅಕ್ಷರ ಚೆಂದ ಉಂಟು" ಎಂದ ಸಾಲ್ವದೊರ, ಸೂಜಿಗೆ ನೂಲು ಹಾಕುತ್ತ. "ಮೊದಲೂ ಓದಿದ್ದೇನೆ."

ಜೂಲಿ ತಂದ ಚಾ ಕುಡಿದು, ಮಕ್ಕಳ ಶಾಲೆಯ ವಿಷಯ ಎರಡು ಮಾತು ಕೇಳಿ, ಪೆಟ್ರೋನಿಲ್ಲಾ ಎದ್ದಳು. ಕುಂಬಳೆಯ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವಳು ಬಿಸಿಲಿನಲ್ಲಿ ನಡೆದೇ ಹೊರಟಳು.